ಕೊರೋನಾ ಬಂದಾಗ ಗಾಯಾಳುಗಳು ಎಲ್ಲಿ ಹೋದರು?



ಕೊರೋನಾ ಕಾಲ ನಿಮಗೆ ಮರೆತಿಲ್ಲ. 2020ರ ಮಾರ್ಚ್ 25ರಿಂದ ದೇಶಕ್ಕೆಲ್ಲ ಲಾಕ್‌ಡೌನ್ ಆಯಿತು. ಬಸ್ಸು ನಿಂತವು. ಸಂತೆ, ಜಾತ್ರೆ ನಿಂತವು. ಮುಂಬೈಗೆ ದುಡಿಯಲು ಹೋಗಿದ್ದ ಕೆ.ಆರ್. ಪೇಟೆ, ನಾಗಮಂಗಲದ ನಮ್ಮ ಜನ ಊರಿಗೆ ಬಂದರು. ಅವರಲ್ಲಿ ಹಲವರಿಗೆ ಕಾಯಿಲೆ ಇತ್ತು. ಊರೆಲ್ಲ ಹೆದರಿತು.

ಆ ಕಾಯಿಲೆಯ ಮಾತು ನೀವು ಬೇಕಾದಷ್ಟು ಕೇಳಿದ್ದೀರಿ. ನಾವು ಇವತ್ತು ಬೇರೆ ಮಾತು ಆಡುತ್ತೇವೆ. ಆ ಕಾಲದಲ್ಲಿ ಪೆಟ್ಟು ಬಿದ್ದವರು, ಗಾಯ ಆದವರು ಏನಾದರು?

ಆಸ್ಪತ್ರೆಯಲ್ಲಿ ತುರ್ತು ಚಿಕಿತ್ಸೆ ಅಂತ ಒಂದು ವಿಭಾಗ ಇರುತ್ತದೆ. ಲಾಕ್‌ಡೌನ್ ಆದಾಗ ಅಲ್ಲಿಗೆ ಬರುವ ಗಾಯಾಳುಗಳು ಕಮ್ಮಿಯಾದರು. ಬೇರೆ ದೇಶಗಳಲ್ಲೂ ಹೀಗೇ ಆಯಿತು. ಯಾಕೆ? ರಸ್ತೆಯಲ್ಲಿ ಗಾಡಿಗಳೇ ಇಲ್ಲ. ಶ್ರೀರಂಗಪಟ್ಟಣದ ಹತ್ತಿರ ಬೆಂಗಳೂರು–ಮೈಸೂರು ರಸ್ತೆಯೂ ಬಿಕೋ ಅನ್ನುತ್ತಿತ್ತು. 2019ರಲ್ಲಿ ದೇಶದಲ್ಲಿ 4 ಲಕ್ಷ 49 ಸಾವಿರ ರಸ್ತೆ ಅಪಘಾತ ಆಗಿದ್ದವು. 2020ರಲ್ಲಿ 3 ಲಕ್ಷ 66 ಸಾವಿರಕ್ಕೆ ಇಳಿದವು. ಮೇ 4ರವರೆಗೆ ಬ್ರಾಂದಿ ಅಂಗಡಿಗೂ ಬೀಗ. ಕುಡಿದು ಗಾಡಿ ಓಡಿಸೋರು, ಬಡಿದಾಡೋರು ಕಮ್ಮಿಯಾದರು. ಅದೊಂದು ಪುಣ್ಯ ಅನ್ನಿ.

ಆದರೆ ಹೊಲಕ್ಕೆ, ಅಡುಗೆಮನೆಗೆ ಲಾಕ್‌ಡೌನ್ ಇರಲಿಲ್ಲ. ಕಬ್ಬು ಕಡಿಯೋ ಮಚ್ಚು ಕಾಲಿಗೆ ಬೀಳ್ತದೆ. ತೆಂಗಿನ ಮರದಿಂದ ಜಾರಿ ಬೀಳ್ತಾರೆ. ಆಲೆಮನೆ ಗಾಣಕ್ಕೆ ಸೆರಗು ಸಿಕ್ಕಿ ಕೈ ಹೋಗ್ತದೆ. ಶಾಲೆ ಇಲ್ಲದ ಮಕ್ಕಳು ಬಿಸಿನೀರು ಚೆಲ್ಲಿಕೊಳ್ತವೆ. ಇವರು ಆಸ್ಪತ್ರೆಗೆ ಬರಲಿಲ್ಲ ಅಂದರೆ ಗಾಯ ಆಗಲಿಲ್ಲ ಅಂತಲ್ಲ. "ಆಸ್ಪತ್ರೆಗೆ ಹೋದ್ರೆ ಕೊರೋನಾ ಹತ್ಕತ್ತದೆ, ಸುಮ್ಕಿರವ್ವ" ಅಂದರು. ಬಸ್ಸಿಲ್ಲ, ಕೈಯಲ್ಲಿ ಕಾಸಿಲ್ಲ. ಗಾಯಕ್ಕೆ ಕಾಫಿಪುಡಿ ಮೆತ್ತಿ ಕೂತರು. ಕೀವು ತುಂಬಿದ ಮೇಲೆ ಬಂದರೆ ಬೆರಳು ಉಳಿಸೋದು ಕಷ್ಟ.

ಇನ್ನೊಂದು ಗಾಯ ಇದೆ. ಗಂಡನ ಏಟು ತಿಂದವಳು ತವರಿಗೂ ಹೋಗುವಂತಿಲ್ಲ, ಆಸ್ಪತ್ರೆಗೂ ಹೋಗುವಂತಿಲ್ಲ. ಲಾಕ್‌ಡೌನ್‌ನಲ್ಲಿ ರಾಷ್ಟ್ರೀಯ ಮಹಿಳಾ ಆಯೋಗಕ್ಕೆ ಇಂಥ ದೂರುಗಳು ಹೆಚ್ಚಿದವು. "ಬಚ್ಚಲಲ್ಲಿ ಜಾರಿ ಬಿದ್ದೆ" ಅನ್ನೋ ಮಾತು ನಮಗೆಲ್ಲ ಗೊತ್ತಿರುವುದೇ.

ಆಸ್ಪತ್ರೆಯ ಕಷ್ಟವೂ ಇತ್ತು. ನಮ್ಮ ನಾಲ್ಕು ತಾಲ್ಲೂಕಿನವರು ದೊಡ್ಡ ಗಾಯ ಆದರೆ ತಾಲ್ಲೂಕು ಆಸ್ಪತ್ರೆ ದಾಟಿ ಹೋಗಬೇಕು. ಮಂಡ್ಯದ ಮಿಮ್ಸ್‌ಗೋ, ಮೈಸೂರಿನ ಕೆ.ಆರ್. ಆಸ್ಪತ್ರೆಗೋ, ಬೆಳ್ಳೂರಿನ ಆದಿಚುಂಚನಗಿರಿ ಆಸ್ಪತ್ರೆಗೋ ಹೋಗಬೇಕು. ಕೊರೋನಾ ಕಾಲದಲ್ಲಿ ಆಸ್ಪತ್ರೆಗಳ ಹಾಸಿಗೆ, ನರ್ಸು, ಡಾಕ್ಟರು ಆ ಕಡೆಗೇ ಹೋದರು. ತಲೆಗೆ ಪೆಟ್ಟು ಬಿದ್ದವರಿಗೂ ಆಕ್ಸಿಜನ್ ಬೇಕು. 2021ರ ಎರಡನೇ ಅಲೆಯಲ್ಲಿ ಅದಕ್ಕೇ ಬರ ಬಂತು.

ಲಾಕ್‌ಡೌನ್ ತೆಗೆದರು. ಗಾಡಿಗಳು ಮತ್ತೆ ಓಡಿದವು. 2021ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1 ಲಕ್ಷ 53 ಸಾವಿರ ಜನ ಸತ್ತರು. ಇದು 2019ಕ್ಕಿಂತ ಹೆಚ್ಚು. ಸಾಂಕ್ರಾಮಿಕ ರೋಗ ಬಂದಾಗ ಗಾಯಾಳುಗಳ ವಾರ್ಡು ಖಾಲಿ ಕಂಡರೂ ಅದನ್ನು ಪೂರಾ ಮುಚ್ಚಬಾರದು. ಇದು ನಮ್ಮ ಅಭಿಪ್ರಾಯ.

ನಾವು ಮಾಡುವ ಕೆಲಸವೂ ಇದೆ. ರಕ್ತ ಹರಿಯುತ್ತಿದ್ದರೆ ಶುದ್ಧ ಬಟ್ಟೆ ಮಡಿಸಿ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಕಾಫಿಪುಡಿ, ಸುಣ್ಣ ಬೇಡ. ಸುಟ್ಟ ಜಾಗಕ್ಕೆ ತಣ್ಣೀರು ಹುಯ್ಯಿರಿ. ರೋಗದ ಭಯ ಇದ್ದರೆ ಮಾಸ್ಕ್ ಹಾಕಿಕೊಂಡು ಹೊರಡಿ, ಕಾಯಬೇಡಿ. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ದುಡ್ಡು ಕೊಡಬೇಕಾಗಿಲ್ಲ. ಮನೆಯಲ್ಲಿ ಹೊಡೆತ ಇದ್ದರೆ ಮಹಿಳೆಯರಿಗೆ 181 ಇದೆ, ಪೊಲೀಸರಿಗೆ 112.

ಈಗ ನಿಮಗೆ ಬರೆಯೋದು ಬರುತ್ತದಲ್ಲ. ಇವತ್ತು ಸಂಜೆ ಈ ಮೂರು ನಂಬರನ್ನು ಅಡುಗೆಮನೆ ಗೋಡೆ ಮೇಲೆ ದೊಡ್ಡದಾಗಿ ಬರೆಯಿರಿ. ಕೆಳಗೆ ನಿಮ್ಮ ಊರು, ತಾಲ್ಲೂಕು, ಮನೆ ಹತ್ತಿರದ ಗುಡಿಯೋ ಶಾಲೆಯೋ ಅದರ ಹೆಸರನ್ನೂ ಬರೆಯಿರಿ. ಫೋನ್ ಮಾಡಿದಾಗ ಮೊದಲು ಅದನ್ನೇ ಕೇಳುತ್ತಾರೆ.