ಪಲ್ಟಣದ ಬ್ಯಾಂಡು, ಮದುವೆಯ ಬಾಜಾ



ರಾಯಚೂರಿನ ಯರಗೇರಾ ಕಡೆ ಮದುವೆ ಹಂಗಾಮಿನಲ್ಲಿ ಮೆರವಣಿಗೆ ಎದುರಾಯಿತೆಂದರೆ ಬಸ್ಸು ನಿಲ್ಲಲೇಬೇಕು. ಮದುಮಗನ ಮುಂದೆ ಬ್ಯಾಂಡಿನವರು: ಕೆಂಪು ಕೋಟು, ಭುಜಕ್ಕೆ ಜರಿಪಟ್ಟಿ, ಕೈಯಲ್ಲಿ ಹಿತ್ತಾಳೆ ವಾದ್ಯ. ಕೋಟೂ ವಾದ್ಯವೂ ಕಂಪನಿ ಸರಕಾರದ ದಂಡಿನಿಂದ ಇಳಿದು ಬಂದವು.

ದಂಡಿನ ಬ್ಯಾಂಡು ನಮ್ಮ ಸಂಗೀತಕ್ಕೆ ತಾಗಿದ ಹಳೆಯ ಗುರುತು ಮದರಾಸಿನಲ್ಲಿದೆ. ಮುತ್ತುಸ್ವಾಮಿ ದೀಕ್ಷಿತರು (1775–1835) ಅಲ್ಲಿ ಕೇಳಿದ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದರು. ಅವೇ ನೋಟ್ಟುಸ್ವರಗಳು. ಇಂಗ್ಲೆಂಡಿನ ರಾಜನನ್ನು ಹೊಗಳುವ ಧಾಟಿ ಹೀಗೆ ದೇವಿಯ ಸ್ತುತಿಯಾಯಿತು. ದೀಕ್ಷಿತರ ಧೈರ್ಯ ದೊಡ್ಡದು!

ನಮ್ಮ ರಾಯಚೂರು ದೋಆಬ 1853ರಲ್ಲಿ ಕಂಪನಿಯ ಕೈಗೆ ಹೋಯಿತು. ನಿಜಾಮರು ಕೊಡಬೇಕಾದ ಪಲ್ಟಣದ ಸಂಬಳದ ಬಾಕಿಗೆ ಹೋದ ಸೀಮೆ, 1860ರಲ್ಲಿ ಮರಳಿ ನಿಜಾಮರಿಗೆ ಬಂತು. ಆ ನಡುವೆಯೇ 1857ರ ದಂಗೆ. ದೇವದುರ್ಗದಿಂದ ಕೃಷ್ಣೆ ದಾಟಿದರೆ ಸುರಪುರ. ಅಲ್ಲಿನ ವೆಂಕಟಪ್ಪ ನಾಯಕ 1858ರಲ್ಲಿ ಕಂಪನಿಗೆ ಎದುರು ನಿಂತ. ಅದಕ್ಕೂ ಮುಂಚೆ ಮುಧೋಳ ಸೀಮೆಯ ಹಲಗಲಿಯಲ್ಲಿ ಬೇಡರು ಹತಾರ ಒಪ್ಪಿಸಲಾರೆವೆಂದು ಬಡಿದಾಡಿ ಸತ್ತರು. ಈ ಕಾಳಗವನ್ನು ಊರೂರಿಗೆ ಮುಟ್ಟಿಸಿದ್ದು ಲಾವಣಿ. ಅದಕ್ಕೆ ಹಿತ್ತಾಳೆ ಬೇಕಿರಲಿಲ್ಲ. ಒಂದು ದಪ್ಪು, ಗಟ್ಟಿ ಗಂಟಲು ಸಾಕು. ವಿಚಿತ್ರ ನೋಡಿ, ಬೇಡರನ್ನು ಗಲ್ಲಿಗೇರಿಸಿದ ಸರಕಾರದ್ದೇ ಅಧಿಕಾರಿ ಜೆ.ಎಫ್. ಫ್ಲೀಟ್ ಆ ಲಾವಣಿಯನ್ನು ಬರೆದುಕೊಂಡು 1885ರಿಂದ ಇಂತಹ ಹಲವು ಕನ್ನಡ ಪದಗಳನ್ನು ಅಚ್ಚು ಹಾಕಿಸಿದ.

ಬ್ಯಾಂಡು ಮತ್ತು ಯುದ್ಧದ ಹಾಡು ಒಂದಾದದ್ದು ಎರಡನೆಯ ಮಹಾಯುದ್ಧದಲ್ಲಿ. ರಾಮಸಿಂಗ್ ಠಾಕೂರಿ ಗೂರ್ಖಾ ಪಲ್ಟಣದ ಬ್ಯಾಂಡಿನಲ್ಲೇ ಬೆಳೆದವರು. ಜಪಾನೀಯರಿಗೆ ಸೆರೆಸಿಕ್ಕು, ಆಜಾದ್ ಹಿಂದ್ ಫೌಜಿಗೆ ಸೇರಿದರು. ಬ್ರಿಟಿಷರು ಕಲಿಸಿದ ವಿದ್ಯೆಯಿಂದಲೇ ಬ್ರಿಟಿಷರ ವಿರುದ್ಧ ಹೆಜ್ಜೆ ಹಾಕುವ ‘ಕದಮ್ ಕದಮ್ ಬಢಾಯೇ ಜಾ’ಕ್ಕೆ ಧಾಟಿ ಕೂಡಿಸಿದರು. ಇಂದು ಅದು ಭಾರತೀಯ ಸೇನೆಯ ಬ್ಯಾಂಡುಗಳ ನಡಿಗೆಯ ಹಾಡು.

ನಿಜಾಮರ ಕೈಯಲ್ಲಿದ್ದ ರಾಯಚೂರಿಗೆ ಸ್ವಾತಂತ್ರ್ಯ ಬಂದದ್ದು ಮತ್ತೊಂದು ವರ್ಷ ತಡವಾಗಿ, 1948ರ ಸೆಪ್ಟೆಂಬರ್ 17ಕ್ಕೆ. ಈಗ ಪ್ರತಿವರ್ಷ ಆ ದಿನ ಧ್ವಜಕ್ಕೆ ಪೊಲೀಸ್ ಬ್ಯಾಂಡಿನ ವಂದನೆ ಸಲ್ಲುತ್ತದೆ.

ನನ್ನ ಮಾತು ಇಷ್ಟೇ: ಬ್ಯಾಂಡಿನ ಧಾಟಿ ಯಾರ ಕೈ ಸೇರಿದರೆ ಅವರದ್ದಾಗುತ್ತದೆ. ರಾಜನಿಗೂ ಸೈ, ದೇವಿಗೂ ಸೈ, ಮದುಮಗನಿಗೂ ಸೈ. ಯಾರು ಎಲ್ಲಿ ಹೇಗೆ ಸತ್ತರೆಂದು ಹೇಳುವುದು ಪದ ಮಾತ್ರ. ದೇವದುರ್ಗ, ಮಾನ್ವಿ, ಯರಗೇರಾ ಕಡೆ ಸುರಪುರದ ಪದವನ್ನೋ ನಿಜಾಮರ ಪರ ನಿಂತ ರಜಾಕಾರರ ಕಾಲದ ಪದವನ್ನೋ ಬಲ್ಲ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಮೊಬೈಲಿನಲ್ಲಿ ಅವರ ದನಿ ತುಂಬಿಸಿಕೊಳ್ಳಿ. ಹಾಡಿದವರ ಹೆಸರು, ಊರು, ಕಲಿಸಿದವರು ಯಾರೆಂಬುದನ್ನೂ ಅವರ ಬಾಯಿಂದಲೇ ಹೇಳಿಸಿ.