ಸಲಹೆಗಾರರೇ ಆಳುವವರಾದಾಗ



ಲೆಕ್ಕ ಬರೆದವನೇ ಅದನ್ನು ಪರಿಶೋಧಿಸಬಾರದು ಎಂಬುದು ನನ್ನ ವೃತ್ತಿಯ ಮೂಲನಿಯಮ. ಒಂದು ರಾಷ್ಟ್ರವು ಯುದ್ಧದಂತಹ ನಿರ್ಣಯ ಕೈಗೊಳ್ಳುವಾಗ ಈ ನಿಯಮ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಇರಾಕ್ ಯುದ್ಧವೇ ಸಾಕ್ಷಿ.

1997ರಲ್ಲಿ ವಿಲಿಯಂ ಕ್ರಿಸ್ಟಲ್ ಮತ್ತು ರಾಬರ್ಟ್ ಕೇಗನ್ ‘ಪ್ರಾಜೆಕ್ಟ್ ಫಾರ್ ದಿ ನ್ಯೂ ಅಮೆರಿಕನ್ ಸೆಂಚುರಿ’ ಎಂಬ ಚಿಂತಕರ ಚಾವಡಿಯನ್ನು ಸ್ಥಾಪಿಸಿದರು. ಸೇನಾಬಲವನ್ನು ಹೆಚ್ಚಿಸಿಕೊಂಡು ಅಮೆರಿಕವು ಜಗತ್ತಿನ ನಾಯಕತ್ವ ವಹಿಸಬೇಕೆಂಬುದು ಅದರ ಸಿದ್ಧಾಂತ. 1998ರ ಜನವರಿಯಲ್ಲಿ ಅದು ಅಧ್ಯಕ್ಷ ಕ್ಲಿಂಟನ್ ಅವರಿಗೆ ಬಹಿರಂಗ ಪತ್ರ ಬರೆದು, ಸದ್ದಾಂ ಹುಸೇನರನ್ನು ಪದಚ್ಯುತಗೊಳಿಸುವುದೇ ನೀತಿಯಾಗಬೇಕೆಂದು ಒತ್ತಾಯಿಸಿತು. ಸಹಿ ಹಾಕಿದ 18 ಮಂದಿಯಲ್ಲಿ ಡೊನಾಲ್ಡ್ ರಮ್ಸ್‌ಫೆಲ್ಡ್ ಹಾಗೂ ಪಾಲ್ ವುಲ್ಫೋವಿಟ್ಸ್ ಇದ್ದರು. 2001ರಲ್ಲಿ ಮೊದಲನೆಯವರು ರಕ್ಷಣಾ ಕಾರ್ಯದರ್ಶಿಯಾದರು, ಎರಡನೆಯವರು ಅವರ ಉಪಕಾರ್ಯದರ್ಶಿ. ಸಂಸ್ಥೆಯ ಮೊದಲ ಘೋಷಣೆಗೆ ಸಹಿ ಹಾಕಿದ್ದ ಡಿಕ್ ಚೇನಿ ಉಪಾಧ್ಯಕ್ಷರಾದರು. ಸಲಹೆ ಕೊಟ್ಟವರೇ ಈಗ ಆ ಸಲಹೆಯನ್ನು ತೂಗಿ ನೋಡುವ ಸ್ಥಾನದಲ್ಲಿ ಕುಳಿತಿದ್ದರು.

ಸೆಪ್ಟೆಂಬರ್ 11ರ ದಾಳಿಯಾದ ಒಂಬತ್ತು ದಿನಗಳಲ್ಲಿ ಅದೇ ಸಂಸ್ಥೆ ಅಧ್ಯಕ್ಷ ಬುಷ್ ಅವರಿಗೆ ಇನ್ನೊಂದು ಪತ್ರ ಬರೆಯಿತು. ದಾಳಿಯೊಡನೆ ಇರಾಕಿಗೆ ನೇರ ಸಂಬಂಧವಿದೆಯೆಂದು ಸಾಕ್ಷ್ಯ ತೋರಿಸದಿದ್ದರೂ ಸದ್ದಾಂರನ್ನು ತೆಗೆಯುವ ಪ್ರಯತ್ನ ನಡೆಯಲೇಬೇಕು ಎಂಬುದು ಅದರ ಸಾರ. ತೀರ್ಪು ಮೊದಲು, ಸಾಕ್ಷ್ಯ ಆಮೇಲೆ! 2003ರ ಮಾರ್ಚ್‌ನಲ್ಲಿ ಯುದ್ಧ ಆರಂಭವಾಯಿತು. ಸಾಮೂಹಿಕ ವಿನಾಶದ ಅಸ್ತ್ರಗಳ ಸಂಗ್ರಹ ಇರಾಕಿನಲ್ಲಿರಲಿಲ್ಲವೆಂದು 2004ರಲ್ಲಿ ಅಮೆರಿಕದ್ದೇ ಶೋಧನಾ ತಂಡ ವರದಿ ನೀಡಿತು. ಅಷ್ಟರಲ್ಲಿ ಸಾವಿರಾರು ಜೀವಗಳು ಹೋಗಿದ್ದವು, ಮುಂದೆ ಲಕ್ಷವನ್ನೂ ಮೀರಿದವು. 2006ರಲ್ಲಿ ಸಂಸ್ಥೆ ಬಾಗಿಲು ಮುಚ್ಚಿತು.

ಯುದ್ಧಕ್ಕೆ ಆ ಒಂದು ಸಂಸ್ಥೆಯೇ ಕಾರಣವೆಂದರೆ ಅದು ಅತಿಶಯೋಕ್ತಿ. ನಿರ್ಣಯ ಅಧ್ಯಕ್ಷರದು, ಅನುಮತಿ ಅಲ್ಲಿನ ಸಂಸತ್ತಿನದು. ಆದರೆ ಸಂಕಟದ ಗಳಿಗೆಯಲ್ಲಿ ಎಲ್ಲರ ಕೈಗೆ ಸುಲಭವಾಗಿ ಸಿಕ್ಕಿದ್ದು ವರ್ಷಗಳ ಹಿಂದೆಯೇ ಸಿದ್ಧವಾಗಿದ್ದ ಆ ಉತ್ತರ. ಇಂತಹ ಗುಂಪುಗಳ ಪ್ರಭಾವ ಕೆಲಸ ಮಾಡುವ ಬಗೆಯೇ ಇದು.

2003ರಲ್ಲಿ ಅಮೆರಿಕವು ಇರಾಕಿಗೆ ಭಾರತೀಯ ಸೇನೆಯನ್ನು ಕೋರಿತು. ವಾಜಪೇಯಿ ಸರ್ಕಾರ ವಿರೋಧ ಪಕ್ಷದೊಡನೆಯೂ ಸಮಾಲೋಚಿಸಿ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಕಳುಹಿಸಲಾಗದೆಂದು ಜುಲೈನಲ್ಲಿ ತಿಳಿಸಿತು. ಭಿನ್ನಮತಕ್ಕೆ ಕಿವಿಗೊಟ್ಟುದರ ಫಲವದು.

ಇಂದು ನಮ್ಮಲ್ಲಿಯೂ ಇಂತಹ ಚಾವಡಿಗಳಿವೆ, ಅವುಗಳ ಲೇಖನಗಳನ್ನು ನಾವು ದಿನವೂ ಓದುತ್ತೇವೆ. ಅವು ಬೇಡವೆಂದು ನಾನು ಹೇಳಲಾರೆ. ಆದರೆ ಮೂರು ಪ್ರಶ್ನೆಗಳನ್ನು ಕೇಳಿಯೇ ಓದೋಣ: ಹಣ ಯಾರದು? ಸಾಕ್ಷ್ಯ ಬದಲಾದರೆ ಅಭಿಪ್ರಾಯವೂ ಬದಲಾಗುವುದೇ? ತಪ್ಪಾದರೆ ಹೊಣೆ ಹೊರುವವರು ಯಾರು? ಉತ್ತರ ದೊರೆಯದ ವರದಿಗೆ ನಾಗರಿಕರಾದ ನಾವು ಸಹಿ ಹಾಕಬಾರದು.