ಮಳೆ ಬೀಳುವ ದೇಶದ ವೈನ್: ಜಪಾನಿನ ದ್ರಾಕ್ಷಿ ತೋಟಗಳ ಕಥೆ

ಜಪಾನಿನ ಮದ್ಯ ಅಂದ ಕೂಡಲೇ ನಮಗೆ ಅಕ್ಕಿಯಿಂದ ಮಾಡುವ ಸಾಕೆ ನೆನಪಾಗುತ್ತದೆ. ಈಚೆಗೆ ವಿಸ್ಕಿಯೂ ನೆನಪಾಗುತ್ತದೆ. ವೈನ್ ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಆದರೆ ಇವತ್ತು ಜಪಾನಿನಲ್ಲಿ 400ಕ್ಕೂ ಹೆಚ್ಚು ವೈನರಿಗಳಿವೆ, ಅಲ್ಲಿನ ವೈನ್ ಉದ್ಯಮಕ್ಕೆ ಸುಮಾರು 150 ವರ್ಷದ ಇತಿಹಾಸವಿದೆ. ಈ ಸಂಚಿಕೆಯಲ್ಲಿ ಆ ವೈನ್ ಹುಟ್ಟಿದ್ದು ಹೇಗೆ, ಅದರ ರುಚಿ ಯಾಕೆ ಹಾಗಿದೆ, ಬಾಟಲಿ ಕೈಗೆ ಸಿಕ್ಕರೆ ಏನು ನೋಡಬೇಕು, ಇಷ್ಟನ್ನೂ ತಿಳಿದುಕೊಳ್ಳೋಣ.

ಮೊದಲು ಮಳೆಯ ವಿಷಯ. ಅದು ಗೊತ್ತಾಗದೆ ಜಪಾನಿನ ವೈನ್ ಅರ್ಥವಾಗುವುದಿಲ್ಲ.

ವೈನ್ ದ್ರಾಕ್ಷಿಗೆ ಬೇಕಾದದ್ದು ಒಣ ಬೇಸಿಗೆ. ಕಾಯಿ ಹಣ್ಣಾಗುವಾಗ ಬಿಸಿಲಿರಬೇಕು, ಮಣ್ಣು ಒಣಗಿರಬೇಕು. ಯುರೋಪಿನ ಮೆಡಿಟರೇನಿಯನ್ ಸೀಮೆಯಲ್ಲಿ ಮಳೆಯೆಲ್ಲ ಚಳಿಗಾಲದಲ್ಲಿ ಸುರಿದು ಬೇಸಿಗೆ ಖಾಲಿ ಬಿಡುತ್ತದೆ. ಜಪಾನಿನಲ್ಲಿ ಇದು ತಲೆಕೆಳಗು. ಜೂನ್, ಜುಲೈಯಲ್ಲಿ ಜಿಟಿಜಿಟಿ ಮಳೆಯ ಕಾಲ, ಅದನ್ನು ಅವರು ತ್ಸುಯು ಅನ್ನುತ್ತಾರೆ. ಅದು ಮುಗಿದು ಹಣ್ಣು ಬಲಿಯುವ ಹೊತ್ತಿಗೆ, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಚಂಡಮಾರುತಗಳ ಸರದಿ. ನೀರು ಹೆಚ್ಚಾದರೆ ಹಣ್ಣಿನಲ್ಲಿ ಸಕ್ಕರೆ ತೆಳುವಾಗುತ್ತದೆ, ಸಿಪ್ಪೆ ಒಡೆಯುತ್ತದೆ, ಗೊಂಚಲಿನೊಳಗೆ ತೇವ ನಿಂತು ಬೂಷ್ಟು ಹಿಡಿಯುತ್ತದೆ.

ಆದ್ದರಿಂದ ಜಪಾನಿನ ರೈತರು ಇದ್ದುದರಲ್ಲೇ ಒಣ ಜಾಗ ಹುಡುಕಿದರು. ಟೋಕಿಯೋದಿಂದ ಪಶ್ಚಿಮಕ್ಕೆ ಯಮನಾಶಿ ಎಂಬ ಪ್ರಾಂತ್ಯವಿದೆ. ದಕ್ಷಿಣಕ್ಕೆ ಫುಜಿ ಪರ್ವತ, ಸುತ್ತಲೂ ಬೆಟ್ಟಗಳು, ನಡುವೆ ಬಟ್ಟಲಿನಂಥ ಕೋಫು ಕಣಿವೆ. ಬೆಟ್ಟಗಳು ಮೋಡ ತಡೆಯುವುದರಿಂದ ಇಲ್ಲಿ ವರ್ಷಕ್ಕೆ ಸುಮಾರು 1,100 ಮಿಲಿಮೀಟರ್ ಮಳೆ. ಜಪಾನಿನ ಲೆಕ್ಕಕ್ಕೆ ಇದು ಕಡಿಮೆ. ಕಣಿವೆಯ ಪೂರ್ವದ ಇಳಿಜಾರಿನಲ್ಲಿರುವ ಕತ್ಸುನುಮಾ ಎಂಬ ಊರೇ ಜಪಾನಿನ ವೈನಿನ ತವರು.

ಅಲ್ಲಿನ ಹಳೆಯ ತೋಟಗಳಲ್ಲಿ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸುತ್ತಾರೆ. ಎಲೆಗಳು ಮೇಲೆ ಹರಡಿಕೊಳ್ಳುತ್ತವೆ, ಗೊಂಚಲು ಕೆಳಗೆ ಜೋತಾಡುತ್ತದೆ. ಒದ್ದೆ ನೆಲದಿಂದ ಹಣ್ಣು ದೂರ ಉಳಿಯುತ್ತದೆ, ಅಡಿಯಲ್ಲಿ ಗಾಳಿಯಾಡುತ್ತದೆ. ಇಷ್ಟಕ್ಕೇ ನಿಲ್ಲುವುದಿಲ್ಲ. ಒಳ್ಳೆಯ ತೋಟಗಳಲ್ಲಿ ಒಂದೊಂದು ಗೊಂಚಲಿಗೂ ಮೇಣ ಹಚ್ಚಿದ ಕಾಗದದ ಪುಟ್ಟ ಕೊಡೆ ಕಟ್ಟುತ್ತಾರೆ. ಈ ಕೆಲಸಕ್ಕೆ ಯಂತ್ರವಿಲ್ಲ. ಸಾವಿರಾರು ಗೊಂಚಲಿಗೆ ಸಾವಿರಾರು ಸಲ ಕೈ ಎತ್ತಿ ಕಟ್ಟಬೇಕು. ಜಪಾನಿನ ವೈನ್ ಅಗ್ಗಕ್ಕೆ ಸಿಗದಿರಲು ಈ ದುಡಿಮೆಯೂ ಒಂದು ಕಾರಣ.

ಈ ಚಪ್ಪರಗಳ ಮುಖ್ಯ ತಳಿಯ ಹೆಸರು ಕೋಶು. ಬಿಳಿ ವೈನ್ ಕೊಡುವ ದ್ರಾಕ್ಷಿ, ಆದರೆ ಸಿಪ್ಪೆಯ ಬಣ್ಣ ತಿಳಿ ಗುಲಾಬಿ. ಕತ್ಸುನುಮಾದ ದೈಝೆನ್‌ಜಿ ದೇವಾಲಯದ ಐತಿಹ್ಯದ ಪ್ರಕಾರ 718ರಲ್ಲಿ ಗ್ಯೋಕಿ ಎಂಬ ಬೌದ್ಧ ಭಿಕ್ಷುವಿಗೆ ಔಷಧ ಬುದ್ಧ ಕೈಯಲ್ಲಿ ದ್ರಾಕ್ಷಿ ಗೊಂಚಲು ಹಿಡಿದು ಕಾಣಿಸಿಕೊಂಡನಂತೆ. ಜನ ಅದನ್ನು ದ್ರಾಕ್ಷಿ ದೇವಾಲಯ ಎಂದೇ ಕರೆಯುತ್ತಾರೆ. ವಿಜ್ಞಾನ ಹೇಳುವ ಕಥೆಯೂ ಕಡಿಮೆ ಸ್ವಾರಸ್ಯದ್ದಲ್ಲ. ಡಿಎನ್‌ಎ ಪರೀಕ್ಷೆಯಲ್ಲಿ ಕೋಶುವಿನ ಶೇಕಡಾ ಸುಮಾರು 70 ಪಾಲು ಯುರೋಪಿನ ವೈನ್ ದ್ರಾಕ್ಷಿಯ ಕುಲದ್ದು, ಉಳಿದದ್ದು ಚೀನಾದ ಕಾಡು ದ್ರಾಕ್ಷಿಯದು ಎಂದು ಗೊತ್ತಾಗಿದೆ. ಅಂದರೆ ಈ ಬಳ್ಳಿಯ ಹಿರಿಯರು ಪಶ್ಚಿಮದಿಂದ ಹೊರಟು ಚೀನಾದ ಕಾಡುಬಳ್ಳಿಯೊಂದಿಗೆ ಬೆರೆತು ಜಪಾನ್ ಸೇರಿದ್ದಾರೆ. ಈ ತಳಿಯ ಸಿಪ್ಪೆ ದಪ್ಪ. ಮಳೆ ದೇಶದಲ್ಲಿ ಅದು ಉಳಿದುಕೊಳ್ಳಲು ಆ ಸಿಪ್ಪೆ ನೆರವಾಯಿತು.

ಆದರೆ ನೂರಾರು ವರ್ಷ ಕೋಶುವನ್ನು ಜನ ಹಣ್ಣಾಗಿ ತಿಂದರು. ವೈನ್ ಬಂದದ್ದು ಮೇಜಿ ಕಾಲದಲ್ಲಿ, ಜಪಾನ್ ಹೊರ ಜಗತ್ತಿಗೆ ಬಾಗಿಲು ತೆರೆದ ಮೇಲೆ. 1877ರಲ್ಲಿ ಕತ್ಸುನುಮಾದ ಪ್ರಮುಖರು ಸೇರಿ ವೈನ್ ಕಂಪನಿಯೊಂದನ್ನು ಕಟ್ಟಿದರು. ಅದೇ ವರ್ಷ ತಕಾನೊ ಮಸನಾರಿ, ತ್ಸುಚಿಯಾ ರ್ಯೂಕೆನ್ ಎಂಬ ಇಬ್ಬರು ತರುಣರನ್ನು ಫ್ರಾನ್ಸಿಗೆ ಕಳಿಸಿದರು. ಭಾಷೆ ಗೊತ್ತಿಲ್ಲ, ವೈನ್ ಗೊತ್ತಿಲ್ಲ. ಷಾಂಪೇನ್ ಸೀಮೆಯ ತ್ರುವಾ ಪಟ್ಟಣದ ಸುತ್ತ ಬಳ್ಳಿ ಕತ್ತರಿಸುವುದರಿಂದ ಪೀಪಾಯಿ ತುಂಬುವವರೆಗೆ ಕಲಿತು 1879ರಲ್ಲಿ ವಾಪಸಾದರು. ಆ ಕಂಪನಿ ಹತ್ತು ವರ್ಷವೂ ಬಾಳಲಿಲ್ಲ. ಕಲಿತ ವಿದ್ಯೆ ಊರಿನಲ್ಲಿ ಉಳಿಯಿತು. ಇವತ್ತಿನ ಷಾತೊ ಮೆರ್ಸಿಯಾನ್ ವೈನರಿ ತನ್ನ ಬೇರು ಅಲ್ಲಿದೆ ಎಂದು ಹೇಳಿಕೊಳ್ಳುತ್ತದೆ.

ಈ ಕಥೆಯಲ್ಲಿ ನಾನು ತುಂಬ ಗೌರವಿಸುವ ಇನ್ನೊಬ್ಬರು ಕವಕಾಮಿ ಝೆನ್‌ಬೇ. ನಿಗಾತಾ ಪ್ರಾಂತ್ಯದ ಜಮೀನ್ದಾರ ಮನೆತನದವರು. ನಿಗಾತಾ ಅಂದರೆ ಆಳೆತ್ತರ ಹಿಮ ಬೀಳುವ ಸೀಮೆ. ಭತ್ತ ಕೈಕೊಟ್ಟ ವರ್ಷ ಅಲ್ಲಿನ ಒಕ್ಕಲು ಕಂಗಾಲು. ಭತ್ತ ಬಾರದ ಗುಡ್ಡದ ನೆಲದಲ್ಲಿ ದ್ರಾಕ್ಷಿ ಬೆಳೆದರೆ ಅವರಿಗೊಂದು ಆಸರೆ ಆದೀತೆಂದು 1890ರಲ್ಲಿ ಇವಾನೊಹಾರಾ ತೋಟ ಶುರು ಮಾಡಿದರು. ವೈನ್ ತಣ್ಣಗಿಡಲು ಚಳಿಗಾಲದ ಹಿಮವನ್ನೇ ಕೂಡಿಟ್ಟು ನೆಲಮಾಳಿಗೆಗೆ ಬಳಸಿದರು. ಯುರೋಪಿನ ತಳಿಗಳು ಆ ಹವೆಗೆ ಬದುಕಲಿಲ್ಲ. ಅಮೆರಿಕದ ತಳಿಗಳು ಬದುಕಿದವು, ಆದರೆ ವೈನ್ ಒರಟು. ಆಗ ಎರಡನ್ನೂ ಸಂಕರ ಮಾಡಲು ಕೂತರು. 10 ಸಾವಿರಕ್ಕೂ ಹೆಚ್ಚು ಸಂಕರಗಳಲ್ಲಿ ಅವರು ಮೆಚ್ಚಿ ಉಳಿಸಿಕೊಂಡದ್ದು 22 ತಳಿ. ಅವುಗಳಲ್ಲಿ 1927ರ ಮಸ್ಕಟ್ ಬೇಲಿ ಎ ಇವತ್ತಿಗೂ ಜಪಾನಿನ ಅತಿ ಮುಖ್ಯ ಕೆಂಪು ವೈನ್ ದ್ರಾಕ್ಷಿ. ಅದರ ವೈನ್ ಹಗುರ, ಸ್ಟ್ರಾಬೆರಿಯ ಪರಿಮಳ. ಅಮೆರಿಕದ ದ್ರಾಕ್ಷಿ ಕುಲದಿಂದ ಬಂದ ಆ ಪರಿಮಳ ನಮಗೆ ಹೊಸದಲ್ಲ, ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಯೂ ಅದೇ ಕುಲದ್ದು.

ಆದರೂ ಬಹುಕಾಲ ಜಪಾನಿಗರು ವೈನ್ ಎಂದು ಕುಡಿದದ್ದು ಸಕ್ಕರೆ ಬೆರೆಸಿದ ಸಿಹಿ ಪಾನೀಯ. 1907ರಲ್ಲಿ ಬಂದ ಅಕಾದಾಮಾ ಪೋರ್ಟ್ ವೈನ್ ಮನೆಮಾತಾಯಿತು. ಅದನ್ನು ಮಾಡಿದ ತೋರಿ ಶಿಂಜಿರೋ ಅವರ ಕಂಪನಿಯೇ ಮುಂದೆ ಸನ್‌ಟೋರಿ ಆಯಿತು. ಎರಡನೇ ಮಹಾಯುದ್ಧದಲ್ಲಿ ಸರ್ಕಾರ ವೈನ್ ಮಾಡಿ ಎಂದು ಒತ್ತಾಯಿಸಿತು, ಅದೂ ಕುಡಿಯುವುದಕ್ಕಲ್ಲ. ವೈನಿನಲ್ಲಿರುವ ಟಾರ್ಟಾರಿಕ್ ಆಮ್ಲದಿಂದ ರೋಷೆಲ್ ಲವಣ ಎಂಬ ಹರಳು ಸಿಗುತ್ತದೆ. ಜಲಾಂತರ್ಗಾಮಿಯ ಸದ್ದು ಹಿಡಿಯುವ ನೌಕಾಪಡೆಯ ಉಪಕರಣಕ್ಕೆ ಆ ಹರಳು ಬೇಕಿತ್ತು. ಆಮ್ಲ ತೆಗೆದ ಮೇಲೆ ಉಳಿದ ವೈನಿನ ರುಚಿ ಯಾರಿಗೂ ಮುಖ್ಯವಾಗಿರಲಿಲ್ಲ.

ಊಟದ ಜೊತೆಗಿನ ಡ್ರೈ ವೈನ್, ಅಂದರೆ ಸಿಹಿಯಿಲ್ಲದ ವೈನ್, 1975ರ ಹೊತ್ತಿಗೆ ಸಿಹಿ ವೈನನ್ನು ಹಿಂದೆ ಹಾಕಿತು. ಸಿಹಿ ವೈನಿಗೆಂದೇ ದ್ರಾಕ್ಷಿ ಬೆಳೆಯುತ್ತಿದ್ದ ರೈತರಿಗೆ ಪೆಟ್ಟು ಬಿತ್ತು. ನಾಗಾನೊ ಪ್ರಾಂತ್ಯದ ಕಿಕ್ಯೊಗಹಾರಾದಲ್ಲಿ ಅಂಥ ರೈತರನ್ನು ಒಪ್ಪಿಸಿ ಮೆರ್ಲೋ ಎಂಬ ಕೆಂಪು ವೈನ್ ದ್ರಾಕ್ಷಿಯ ಬಳ್ಳಿ ಹಾಕಿಸಿದವರು ಮೆರ್ಸಿಯಾನ್‌ನ ಅಸಾಯಿ ಉಸುಕೆ. ಆ ಎತ್ತರದ ಬಯಲಿನ ಚಳಿಗೆ ಬಳ್ಳಿ ಸತ್ತರೆ ರೈತನ ವರ್ಷಗಳ ದುಡಿಮೆ ಹೋಗುತ್ತದೆ. ಆ ಭಯದ ನಡುವೆಯೂ ಅವರು ನೆಟ್ಟರು. 1985ರ ಕೊಯ್ಲಿನ ಮೆರ್ಲೋ ವೈನ್ 1989ರಲ್ಲಿ ಯುರೋಪಿನ ಲುಬ್ಲಿಯಾನಾ ನಗರದ ಅಂತರರಾಷ್ಟ್ರೀಯ ವೈನ್ ಸ್ಪರ್ಧೆಯಲ್ಲಿ ಅತ್ಯುನ್ನತ ಚಿನ್ನದ ಪದಕ ಗೆದ್ದಿತು.

ಅಸಾಯಿ ಮಾಡಿದ ಇನ್ನೊಂದು ಕೆಲಸ ನನ್ನ ದೃಷ್ಟಿಯಲ್ಲಿ ಪದಕಕ್ಕಿಂತ ದೊಡ್ಡದು. ಕೋಶು ವೈನ್ ಸಪ್ಪೆ ಎಂಬ ದೂರು ಹಳೆಯದು. ಹುದುಗುವಿಕೆ ಮುಗಿದಾಗ ಸತ್ತ ಈಸ್ಟ್ ಪಾತ್ರೆಯ ತಳದಲ್ಲಿ ಗಸಿಯಾಗಿ ಕೂರುತ್ತದೆ. ವೈನನ್ನು ಬೇಗ ಬೇರ್ಪಡಿಸದೆ ಆ ಗಸಿಯ ಮೇಲೇ ಕೆಲವು ತಿಂಗಳು ಬಿಟ್ಟರೆ ಈಸ್ಟ್ ಕರಗುತ್ತಾ ವೈನಿಗೆ ಮೈಕಟ್ಟು, ಆಳವಾದ ರುಚಿ ಕೊಡುತ್ತದೆ. ಫ್ರಾನ್ಸಿನಲ್ಲಿ ಇದಕ್ಕೆ ಸುರ್ ಲೀ ಅನ್ನುತ್ತಾರೆ. 1980ರ ದಶಕದಲ್ಲಿ ಮೆರ್ಸಿಯಾನ್ ಇದನ್ನು ಕೋಶುವಿಗೆ ಒಗ್ಗಿಸಿತು. ಆ ಗುಟ್ಟನ್ನು ಅಸಾಯಿ ಬಚ್ಚಿಡಲಿಲ್ಲ, ಊರಿನ ಎದುರಾಳಿ ವೈನರಿಗಳಿಗೆಲ್ಲ ಹೇಳಿಕೊಟ್ಟರು. ಒಂದೇ ವೈನರಿ ಚೆನ್ನಾಗಿದ್ದರೆ ಊರಿಗೆ ಹೆಸರು ಬರುವುದಿಲ್ಲ, ಊರಿಗೆ ಹೆಸರಿಲ್ಲದಿದ್ದರೆ ಆ ಒಂದು ವೈನರಿಯೂ ಹೆಚ್ಚು ದೂರ ಹೋಗುವುದಿಲ್ಲ. ಇದನ್ನು ಕಂಡುಕೊಂಡ ಮೇಲೆಯೇ ಕತ್ಸುನುಮಾ ನಿಜವಾಗಿ ಎದ್ದು ನಿಂತಿತು.

ನಂತರ ಕೋಶುವಿನ ದಾರಿ ತೆರೆಯಿತು. 2010ರಲ್ಲಿ ಅಂತರರಾಷ್ಟ್ರೀಯ ದ್ರಾಕ್ಷಿ ಮತ್ತು ವೈನ್ ಸಂಸ್ಥೆ ಅದನ್ನು ತನ್ನ ತಳಿಗಳ ಪಟ್ಟಿಗೆ ಸೇರಿಸಿತು, 2013ರಲ್ಲಿ ಮಸ್ಕಟ್ ಬೇಲಿ ಎ ಸೇರಿತು. 2014ರಲ್ಲಿ ಗ್ರೇಸ್ ವೈನರಿಯ ಮಿಸಾವಾ ಅಯಾನಾ ಅವರ ಕೋಶು ಲಂಡನ್ನಿನ ಡಿಕ್ಯಾಂಟರ್ ವೈನ್ ಸ್ಪರ್ಧೆಯಲ್ಲಿ ಚಿನ್ನ ಗೆದ್ದಿತು. ಉತ್ತರದ ಹೊಕ್ಕೈಡೊದಲ್ಲಿ ತ್ಸುಯು ಮಳೆಯ ಕಾಟ ಇಲ್ಲ ಎಂಬಷ್ಟು ಕಡಿಮೆ. ಅಲ್ಲಿನ ಯೊಯಿಚಿ ಈಗ ಪಿನೋ ನ್ವಾರ್ ಎಂಬ ಕೆಂಪು ವೈನಿಗೆ ಹೆಸರಾಗುತ್ತಿದೆ. ಅದೇ ದ್ವೀಪದ ಇಕೆದಾ ಪಟ್ಟಣದಲ್ಲಿ 1963ರಿಂದ ಪುರಸಭೆಯೇ ವೈನರಿ ನಡೆಸುತ್ತಿದೆ. ಅಲ್ಲಿ ಚಳಿಗಾಲ ಬಂತೆಂದರೆ ಬಳ್ಳಿಗಳನ್ನು ಬಾಗಿಸಿ ಮಣ್ಣು ಮುಚ್ಚಿ ಕಾಪಾಡುತ್ತಾರೆ.

ಈಗ ಬಾಟಲಿಯ ವಿಷಯ. ಜಪಾನಿನಲ್ಲಿ ತಯಾರಾದ ವೈನೆಲ್ಲ ಜಪಾನಿನ ದ್ರಾಕ್ಷಿಯದ್ದಲ್ಲ. ವಿದೇಶದಿಂದ ತಂದ ಮಂದ ರಸಕ್ಕೆ ನೀರು ಬೆರೆಸಿ ಹುದುಗಿಸಿದ್ದೂ ಬಹಳ ಇದೆ. 2018ರ ಅಕ್ಟೋಬರ್‌ನಲ್ಲಿ ಹೊಸ ಲೇಬಲ್ ನಿಯಮ ಬಂತು. ಪೂರ್ತಿ ಜಪಾನಿನಲ್ಲೇ ಬೆಳೆದ ದ್ರಾಕ್ಷಿಯಿಂದ ಅಲ್ಲೇ ಮಾಡಿದ್ದಕ್ಕೆ ಮಾತ್ರ ಜಪಾನ್ ವೈನ್ ಎಂಬ ಹೆಸರು. ಲೇಬಲ್ ಮೇಲೆ ವೈನಿಗೆ ಊರಿನ ಹೆಸರನ್ನೇ ಇಟ್ಟಿದ್ದರೆ ಕನಿಷ್ಠ ಶೇಕಡಾ 85 ಪಾಲು ದ್ರಾಕ್ಷಿ ಆ ಊರಿನದೇ ಇರಬೇಕು, ವೈನ್ ಅಲ್ಲೇ ತಯಾರಾಗಿರಬೇಕು. ಹಾಗಾಗಿ ಕೊಳ್ಳುವ ಮೊದಲು ಈ ಎರಡನ್ನೂ ಓದಿ.

ರುಚಿ ಹೇಗೆ? ಕೋಶು ವೈನಿನಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇಕಡಾ 11, 12ರ ಆಸುಪಾಸು. ನಿಂಬೆ ಜಾತಿಯ ಹಣ್ಣುಗಳ ಪರಿಮಳ, ಹುಳಿ ಹದವಾಗಿ, ಕೊನೆಗೆ ಸಿಪ್ಪೆಯಿಂದ ಬರುವ ಚೂರು ಒಗರು ಕಹಿ. ಮೊದಲ ಗುಟುಕಿಗೆ ಇದು ಏನೂ ಅಲ್ಲ ಅನಿಸಬಹುದು. ಊಟದ ಜೊತೆ ಕುಡಿಯಿರಿ. ಉಪ್ಪು ಹಾಕಿ ಸುಟ್ಟ ಮೀನು, ಹಿಟ್ಟಿನಲ್ಲಿ ಅದ್ದಿ ಕರಿದ ತೆಂಪುರಾ, ಹಸಿ ಮೀನಿನ ಜೊತೆ ಅದು ಅಡುಗೆಯನ್ನು ಮೇಲೆ ತರುತ್ತದೆ. ಎಲ್ಲ ವೈನೂ ಮೀನಿಗೆ ಹೀಗೆ ಹೊಂದುವುದಿಲ್ಲ. ಕೆಲವು ವೈನ್ ಕುಡಿದಾಗ ಮೀನಿನ ನೀಚು ವಾಸನೆ ಹೆಚ್ಚುವುದು ವೈನಿನಲ್ಲಿರುವ ಕಬ್ಬಿಣದ ಅಂಶದಿಂದ ಎಂದು 2009ರಲ್ಲಿ ತೋರಿಸಿದವರೂ ಮೆರ್ಸಿಯಾನ್‌ನ ಸಂಶೋಧಕರೇ. ಕತ್ಸುನುಮಾದ ರೈತರಿಗೆ ಕೋಶು ಕುಡಿಯಲು ಗಾಜಿನ ಲೋಟವೂ ಬೇಕಿಲ್ಲ. ಸಾಕೆ ತುಂಬುವ 1.8 ಲೀಟರಿನ ದೊಡ್ಡ ಬಾಟಲಿಯಲ್ಲಿ ತುಂಬಿಟ್ಟು ಚಹಾ ಕುಡಿಯುವ ಲೋಟಕ್ಕೆ ಸುರಿದು ಊಟಕ್ಕೆ ಕೂರುತ್ತಾರೆ.

ಜಪಾನಿನ ವೈನ್ ಫ್ರಾನ್ಸಿನ ವೈನಿನಂತೆ ಗಟ್ಟಿಯಾಗಿಲ್ಲ ಎಂದು ಅಳೆಯುವವರು ಇವತ್ತಿಗೂ ಇದ್ದಾರೆ. ಆ ಅಳತೆ ಈ ವೈನಿಗೆ ಹೊಂದುವುದಿಲ್ಲ ಎಂದು ನಾನು ನಂಬುತ್ತೇನೆ. ಮಳೆಯ ನೆಲದಲ್ಲಿ, ಕೊಡೆಯ ಕೆಳಗೆ ಹಣ್ಣಾದ ದ್ರಾಕ್ಷಿಯ ವೈನ್ ಹಗುರವಾಗಿಯೇ ಇರುತ್ತದೆ, ಆ ಹಗುರತನವೇ ಅಲ್ಲಿನ ಅಡುಗೆಗೆ ಬೇಕಾದದ್ದು. ಅವಕಾಶ ಸಿಕ್ಕರೆ ಮೊದಲು ಯಮನಾಶಿಯ ಸುರ್ ಲೀ ಕೋಶು, ಆಮೇಲೆ ಮಸ್ಕಟ್ ಬೇಲಿ ಎ ಸವಿದು ನೋಡಿ.